ಬ್ಯಾಂಕಿನಿಂದ ಚಿಲ್ಲರೆ ಡಬ್ಬಿ ತಂದು ಬೆಳ್ಳಿ ಹುಡುಕುವ ಚಟ ಇನ್ಯಾರಿಗಿದೆ?

ಎಡಿಸನ್_ವಾಸಿ
ನ್ಯೂಜೆರ್ಸಿಯಲ್ಲಿದ್ದೇನೆ. ಎರಡು ತಿಂಗಳಿಂದ ಒಂದು ಹೊಸ ಚಟ ಹತ್ತಿದೆ. ಬ್ಯಾಂಕಿಗೆ ಹೇಳಿ ಹಾಫ್ ಡಾಲರ್ ನಾಣ್ಯಗಳ ಡಬ್ಬಿ ತರಿಸುತ್ತೇನೆ. 500 ಡಾಲರ್ ಕೊಟ್ಟರೆ 50 ರೋಲ್. ರೋಲಿಗೆ 20, ಒಟ್ಟು ಸಾವಿರ ನಾಣ್ಯ. ರಾತ್ರಿ ಮಗಳು ಮಲಗಿದ ಮೇಲೆ ಊಟದ ಮೇಜಿಗೆ ದಪ್ಪ ಟವೆಲ್ ಹಾಸಿ (ಸದ್ದಾದರೆ ಎದ್ದುಬಿಡ್ತಾಳೆ) ಒಂದೊಂದೇ ರೋಲ್ ಒಡೆಯುತ್ತೇನೆ. ಬೆಳ್ಳಿ ಸಿಕ್ಕರೆ ಎತ್ತಿಡುತ್ತೇನೆ, ಉಳಿದದ್ದು ವಾಪಸ್ ಬ್ಯಾಂಕಿಗೆ.

ಇಲ್ಲಿವರೆಗೆ 6 ಡಬ್ಬಿ ಆಗಿದೆ. 40% ಬೆಳ್ಳಿ ಇರುವ ಹಾಫ್ 9 ಸಿಕ್ಕಿವೆ, 1964ರದ್ದು (90% ಬೆಳ್ಳಿ) 2. ಮೂರು ಡಬ್ಬಿಯಲ್ಲಿ ಏನೂ ಇಲ್ಲ, ಪೂರ್ತಿ ಸೊನ್ನೆ.

ಈಗ ತೊಂದರೆ ಏನಪ್ಪಾ ಅಂದರೆ, ಹೋದ ವಾರ ಒಡೆದ ನಾಣ್ಯಗಳನ್ನೆಲ್ಲ ಬಟ್ಟೆ ಚೀಲದಲ್ಲಿ ತುಂಬಿ ಅದೇ ಬ್ಯಾಂಕಿಗೆ ಹೊತ್ತುಕೊಂಡು ಹೋದೆ. ಕೌಂಟರಿನ ಹೆಂಗಸು ಚೀಲ ನೋಡಿದರು, ನನ್ನ ಮುಖ ನೋಡಿದರು, "ಇನ್ನು ಮುಂದೆ ನಿಮಗೆ ಡಬ್ಬಿ ತರಿಸಿಕೊಡೋಕೆ ಆಗಲ್ಲ" ಅಂದುಬಿಟ್ಟರು. ಮನೆಯಲ್ಲಿ ಹೆಂಡತಿ ಬೇರೆ, ಕಾರಿನ ಡಿಕ್ಕಿ ನೆಲ ಮುಟ್ಟುತ್ತಿದೆ ಅಂತ ಶುರು ಮಾಡಿದ್ದಾಳೆ.

ಎರಡು ಪ್ರಶ್ನೆ. ಒಂದು, ಈ ರಾಶಿಯನ್ನು ಎಲ್ಲಿ ವಾಪಸ್ ಕೊಡೋದು? ಎರಡು, ಇದರಲ್ಲಿ ನಿಜವಾಗಿ ಲಾಭ ಇದೆಯಾ, ಇಲ್ಲ ಸುಮ್ನೆ ಹುಚ್ಚಾ?

ಲೆಕ್ಕದ_ಪುಸ್ತಕ
ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ. ಬೆಳ್ಳಿ ಔನ್ಸಿಗೆ 50 ಡಾಲರ್ ಅಂತ ಹಿಡಿಯಿರಿ, ಲೆಕ್ಕ ಸುಲಭ. 1964ರ ಹಾಫ್‌ನಲ್ಲಿ 0.3617 ಔನ್ಸ್ ಬೆಳ್ಳಿ, ಅಂದರೆ 18 ಡಾಲರ್. 40%ದ್ದರಲ್ಲಿ 0.1479 ಔನ್ಸ್, ಅಂದರೆ 7 ಡಾಲರ್ 40 ಸೆಂಟ್. ನಿಮ್ಮ 11 ನಾಣ್ಯ ಸೇರಿ ಸುಮಾರು 103. ಅವುಗಳ ಮುಖಬೆಲೆ ಐದೂವರೆ ಕಳೆದರೆ 97 ಚಿಲ್ಲರೆ. ಡಬ್ಬಿಗೆ ಮೂರು ಗಂಟೆ ಅಂದರೂ 18 ಗಂಟೆ ಕೂತಿದ್ದೀರಿ. ಗಂಟೆಗೆ ಐದು ಡಾಲರ್ ಚಿಲ್ಲರೆ ಬಿತ್ತು. ನಿಮ್ಮ ರಾಜ್ಯದಲ್ಲಿ ಕನಿಷ್ಠ ಕೂಲಿಯೇ 15ರ ಮೇಲಿದೆ. ಕಾರಿನ ಖರ್ಚು ನಾನಿನ್ನೂ ಕಳೆದಿಲ್ಲ.

ಸುಮ್ನೆ_ಬಂದೆ
ಗಂಟೆಗೆ ಐದು ಡಾಲರ್ ಕೊಟ್ಟು ಕ್ರಿಕೆಟ್ ನೋಡ್ತೀವಿ ನಾವು. ಇವರಿಗೆ ಬರ್ತಾ ಇದೆಯಲ್ಲ, ಬಿಡಿ.

ಡಲ್ಲಾಸ್_ದೊಡ್ಡಪ್ಪ
ಹದಿನೈದು ವರ್ಷದಿಂದ ಇದನ್ನೇ ಮಾಡ್ತಾ ಇದ್ದೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡಿಕೊಳ್ಳಬೇಡಿ.

ತಮ್ಮಾ, ಮೊದಲ ಪಾಠವನ್ನೇ ತಪ್ಪಿದ್ದೀಯ. ತಂದ ಬ್ಯಾಂಕಿಗೆ ವಾಪಸ್ ಕೊಡಬಾರದು. ತರುವ ಬ್ಯಾಂಕ್ ಬೇರೆ, ಸುರಿಯುವ ಬ್ಯಾಂಕ್ ಬೇರೆ ಇರಬೇಕು. ಕೌಂಟರಿನವರ ಮುಖ ಕೆಡುತ್ತೆ ಅನ್ನೋದು ಒಂದು. ಅದಕ್ಕಿಂತ ದೊಡ್ಡದು, ನೀನು ನೋಡಿ ಬಿಟ್ಟ ನಾಣ್ಯಗಳೇ ತಿರುಗಿ ನಿನ್ನ ಮುಂದಿನ ಡಬ್ಬಿಗೆ ಬರುತ್ತವೆ. ನನಗೆ ಒಮ್ಮೆ ಹಾಗೇ ಆಗಿತ್ತು. ಒಂದು ಹಾಫ್‌ನ ಮೇಲಿರುವ ಅಧ್ಯಕ್ಷ ಕೆನಡಿ ಚಿತ್ರದ ಮೂಗಿನ ಮೇಲೆ ಯಾರೋ ನೀಲಿ ಬಣ್ಣ ಬಳಿದಿದ್ದರು. ಬಿಟ್ಟು ಕಳಿಸಿದೆ. ಮೂರು ವಾರ ಬಿಟ್ಟು ಅದೇ ನೀಲಿ ಮೂಗು ನನ್ನ ಮೇಜಿನ ಮೇಲೆ.

ಸುರಿಯೋಕೆ, ಒಳಗೇ ನಾಣ್ಯ ಎಣಿಸುವ ಯಂತ್ರ ಇಟ್ಟಿರುವ ಶಾಖೆ ಹುಡುಕು. ನಿನ್ನ ಖಾತೆ ಇದ್ದರೆ ಕೆಲವು ಕಡೆ ಕಮಿಷನ್ ಹಿಡಿಯೋದಿಲ್ಲ. ಆ ಯಂತ್ರ ಬೇಡ ಅಂತ ಉಗುಳುವ ನಾಣ್ಯಗಳ ತಟ್ಟೆಯನ್ನೂ ಒಮ್ಮೆ ನೋಡು. ಬೆಳ್ಳಿಯ ತೂಕ ಬೇರೆ ಅಲ್ವಾ, ಯಂತ್ರ ಅದನ್ನು ಎಷ್ಟೋ ಸಲ ಹೊರಗೆ ಹಾಕುತ್ತೆ. ಹಿಂದಿನವರು ಗಮನಿಸದೆ ಬಿಟ್ಟು ಹೋಗಿರ್ತಾರೆ. ನನ್ನ ಮೊದಲ ಬೆಳ್ಳಿ ಡೈಮ್ (10 ಸೆಂಟಿನ ನಾಣ್ಯ) ಸಿಕ್ಕಿದ್ದು ಅಂಥ ತಟ್ಟೆಯಲ್ಲೇ.

ಇನ್ನು ನೋಡುವ ರೀತಿ. ಒಂದೊಂದರ ವರ್ಷ ಓದುತ್ತಾ ಕೂತರೆ ಕಣ್ಣು ಹೋಗುತ್ತೆ. ರೋಲ್ ಒಡೆದು ಇಪ್ಪತ್ತನ್ನೂ ಅಂಗೈಯಲ್ಲಿ ಸಾಲಾಗಿ ಹಿಡಿದು ಅಂಚು ನೋಡು. ಈಗಿನ ನಾಣ್ಯದ ಅಂಚಿನಲ್ಲಿ ಕೆಂಪು ತಾಮ್ರದ ಗೆರೆ ಕಾಣುತ್ತೆ. 90% ಬೆಳ್ಳಿಯದು ಪೂರ್ತಿ ಬಿಳಿ. 40%ದ್ದು ಮಾತ್ರ ಮೋಸ ಮಾಡುತ್ತೆ. ಅದರಲ್ಲಿ ಮಾಸಲು ಕಂದು ಇರುತ್ತೆ, ಕೆಂಪಲ್ಲ. ಅನುಮಾನ ಬಂದರೆ ಆಗ ವರ್ಷ ನೋಡು. ಮೂರು ಗಂಟೆಯ ಡಬ್ಬಿ ಮುಕ್ಕಾಲು ಗಂಟೆಗೆ ಮುಗಿಯುತ್ತೆ. ಲೆಕ್ಕದ ಪುಸ್ತಕದವರು ಈಗ ಗಂಟೆಯ ಕೂಲಿ ಮತ್ತೆ ಹಾಕಲಿ.

ಲೆಕ್ಕದ_ಪುಸ್ತಕ
ಹಾಕಿದೆ. ಗಂಟೆಗೆ 21 ಡಾಲರ್. ಸರಿ, ಮಾತು ವಾಪಸ್ ತಗೊಂಡೆ. ಆದರೆ ಬ್ಯಾಂಕಿಗೆ ಓಡಾಡಿದ ಸಮಯ?

ಡಲ್ಲಾಸ್_ದೊಡ್ಡಪ್ಪ
ಅದು ವಾಕಿಂಗ್ ಲೆಕ್ಕಕ್ಕೆ. ಹಾಫ್ ಡಾಲರ್ ಡಬ್ಬಿ 11 ಕಿಲೋ ಮೇಲಿದೆ. ಜಿಮ್ ದುಡ್ಡು ಉಳಿತು.

ಹೊಸಬ_ಹರಟೆ
ನನಗೆ ತಿಳಿದ ಹಾಗೆ 1965ರ ನಂತರ ಅಮೆರಿಕದ ಚಿಲ್ಲರೆಯಲ್ಲಿ ಬೆಳ್ಳಿ ಇಲ್ವೇ ಇಲ್ಲ. ಈ 40% ಎಲ್ಲಿಂದ ಬಂತು?

ಡಲ್ಲಾಸ್_ದೊಡ್ಡಪ್ಪ
ಅರ್ಧ ಸರಿ. 1964ರವರೆಗೆ ಡೈಮ್, ಕ್ವಾರ್ಟರ್ (25 ಸೆಂಟಿನದು), ಹಾಫ್ ಮೂರೂ 90% ಬೆಳ್ಳಿ. ಬೆಳ್ಳಿ ದುಬಾರಿಯಾಯಿತು, ಜನ ಚಿಲ್ಲರೆ ಹೊರಗೆ ಬಿಡದೆ ಕೂಡಿಡತೊಡಗಿದರು. ಜಾನ್ಸನ್ ಅಧ್ಯಕ್ಷರಾಗಿದ್ದಾಗ 1965ರಲ್ಲಿ ಹೊಸ ಕಾನೂನು ಬಂತು. ಡೈಮ್, ಕ್ವಾರ್ಟರಿನಿಂದ ಬೆಳ್ಳಿ ಪೂರ್ತಿ ತೆಗೆದರು. ಹಾಫ್‌ಗೆ ಮಾತ್ರ 40% ಉಳಿಸಿದರು, 1970ರವರೆಗೆ. ಕೆನಡಿ ಸತ್ತ ಮರುವರ್ಷವೇ ಅವರ ಮುಖದ ಹಾಫ್ ಬಂದಿತ್ತಲ್ಲ, ಅದನ್ನು ಜನ ನೆನಪಿಗೆ ಅಂತ ಎತ್ತಿಟ್ಟರು. ಅವರ ಮಕ್ಕಳು ಮೊಮ್ಮಕ್ಕಳು ಇವತ್ತು ಡ್ರಾಯರ್ ಖಾಲಿ ಮಾಡಿ ಬ್ಯಾಂಕಿಗೆ ಕೊಡ್ತಾರೆ. ಹಾಗಾಗಿಯೇ ನಮಗೆ ಹಾಫ್‌ನಲ್ಲಿ ಇನ್ನೂ ಬೆಳ್ಳಿ ಸಿಗೋದು.

ಇನ್ನೊಂದು ಮಾತು. 2002ರಿಂದ 2020ರವರೆಗಿನ ಹಾಫ್‌ಗಳನ್ನು ಸಂಗ್ರಹಕಾರರಿಗೆ ಅಂತ ಮಾತ್ರ ಹೊಡೆದರು, ಬ್ಯಾಂಕಿಗೆ ಅಂತ ಅಲ್ಲ. ಬೆಳ್ಳಿ ಇರಲ್ಲ, ಆದರೂ ಸಿಕ್ಕರೆ ಎತ್ತಿಡು.

ಸ್ಯಾಕ್ರಮೆಂಟೊ_ಸೊಸೆ
ನಾನು ಹಾಫ್ ಮುಟ್ಟೋದೇ ಇಲ್ಲ. ನಿಕ್ಕಲ್ ಅಂದರೆ 5 ಸೆಂಟಿನ ನಾಣ್ಯದ ಡಬ್ಬಿ ತರ್ತೀನಿ. ನೂರು ಡಾಲರ್‌ಗೆ ಎರಡು ಸಾವಿರ ನಾಣ್ಯ, ಟೈಮ್‌ಪಾಸ್ ಜಾಸ್ತಿ. ಎರಡನೇ ಮಹಾಯುದ್ಧದಲ್ಲಿ ನಿಕ್ಕಲ್ ಲೋಹ ಯುದ್ಧಕ್ಕೆ ಬೇಕಾಗಿ ಐದು ಸೆಂಟಿನ ನಾಣ್ಯದಿಂದ ತೆಗೆದು 35% ಬೆಳ್ಳಿ ಹಾಕಿದ್ದರು. 1942ರ ಅಕ್ಟೋಬರ್‌ನಿಂದ 1945ರವರೆಗೆ. ಹಿಂಬದಿಯಲ್ಲಿ ಮನೆ ಇದೆಯಲ್ಲ, ಅದರ ಗುಮ್ಮಟದ ಮೇಲೆ ದೊಡ್ಡದಾಗಿ ಪಿ, ಡಿ ಅಥವಾ ಎಸ್ ಅಂತ ಅಕ್ಷರ ಇರುತ್ತೆ. ಅಷ್ಟೇ ಗುರುತು. ನೋಡೋಕೆ ಮಾತ್ರ ಅಸಹ್ಯ. ಕಪ್ಪಾಗಿ, ಜಿಡ್ಡು ಹಿಡಿದ ಹಾಗೆ. ನಮ್ಮ ಅತ್ತೆ ಊರಿಂದ ಬಂದಾಗ ಒಂದು ತೋರಿಸಿದೆ, "ಇದಕ್ಕೇನು ಬೆಳ್ಳಿ ಅಂತೀಯ, ಕುಕ್ಕರ್ ವೆಯ್ಟ್ ಇದ್ದ ಹಾಗಿದೆ" ಅಂದರು.

ಹೊಸಬ_ಹರಟೆ
ನಿಕ್ಕಲ್ ನಾಣ್ಯ ಪೂರ್ತಿ ನಿಕ್ಕಲ್ ಅಲ್ವಾ ಆಗ?

ಸ್ಯಾಕ್ರಮೆಂಟೊ_ಸೊಸೆ
ಈಗಲೂ ಅಲ್ಲ. ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್.

ಹೊಸಬ_ಹರಟೆ
ನಾನು ಇವತ್ತು ಬಾಯಿ ತೆರೆದರೆ ತಪ್ಪೇ. ಒಂದು ಕೊನೆಯ ಪ್ರಶ್ನೆ. ನನ್ನ ಹತ್ತಿರ 1943ರ ಬಿಳಿ ಪೆನ್ನಿ (1 ಸೆಂಟಿನ ನಾಣ್ಯ) ಇದೆ. ಬೆಳ್ಳಿಯದು ತಾನೆ?

ಡಲ್ಲಾಸ್_ದೊಡ್ಡಪ್ಪ
ಮ್ಯಾಗ್ನೆಟ್ ಹಿಡಿ. ಅಂಟಿದರೆ ಉಕ್ಕು, ಮೇಲೆ ಸತುವಿನ ಲೇಪ. ಆ ವರ್ಷ ತಾಮ್ರವೂ ಯುದ್ಧಕ್ಕೆ ಹೋಗಿತ್ತು. ಅದೇ 1943ರದ್ದು ಅಪ್ಪಿತಪ್ಪಿ ತಾಮ್ರದಲ್ಲಿ ಹೊಡೆದವು ಬೆರಳೆಣಿಕೆಯಷ್ಟಿವೆ, ಅದು ಸಿಕ್ಕಿದರೆ ಮಾತ್ರ ನನಗೆ ಫೋನ್ ಮಾಡು.

ಹೊಸಬ_ಹರಟೆ
ಅಂಟಿತು.

ಹುಬ್ಳಿ_ಹೈದ
ಅಲ್ಲ ಗುರೂ, ಅಮೆರಿಕಾ ಅಮೆರಿಕಾ ಅಂತ ಕೂತಿದ್ದೀರಿ, ನಮ್ಮೂರ ಬ್ಯಾಂಕಿನಲ್ಲಿ ಹೀಗೆ ಚೀಲ ತಂದು ಹುಡುಕಿದರೆ ಬೆಳ್ಳಿ ಸಿಗಲ್ವಾ? ಯೂಟ್ಯೂಬಿನಲ್ಲಿ ಒಬ್ಬ ಹೇಳ್ತಾ ಇದ್ದ, ವೈಷ್ಣೋದೇವಿ ಚಿತ್ರ ಇರೋ 5 ರೂಪಾಯಿಗೆ 10 ಲಕ್ಷ ಅಂತೆ.

ಸುಮ್ನೆ_ಬಂದೆ
ನನ್ನ ಹತ್ತಿರ ನಾಲ್ಕಿದೆ. ಒಂದು ಲಕ್ಷಕ್ಕೆ ನಾಲ್ಕೂ ಕೊಡ್ತೀನಿ, ಬಾ.

ಮಾಜಿ_ಕ್ಯಾಷಿಯರ್
ಶಿವಮೊಗ್ಗದ ಕಡೆ ಬ್ಯಾಂಕಿನಲ್ಲಿ 31 ವರ್ಷ ಕ್ಯಾಷ್ ಕೌಂಟರಿನಲ್ಲಿ ಕೂತವಳು ನಾನು. ಹುಬ್ಬಳ್ಳಿಯ ತಮ್ಮನಿಗೆ ಮೊದಲು ಹೇಳ್ತೀನಿ. ಆ 10 ಲಕ್ಷದ ಮಾತು ನಂಬಬೇಡ. 2012ರ ಆ ನಾಣ್ಯ ಸಂತೆಯಲ್ಲೂ ಓಡಾಡ್ತಾ ಇದೆ. ನಮ್ಮ ಭಾವನವರು ಇಂಥದ್ದೇ ಜಾಹೀರಾತು ನೋಡಿ ಫೋನ್ ಮಾಡಿದರು. ನಾಣ್ಯ ಕೊಳ್ಳೋಕೆ ಮೊದಲು "ನೋಂದಣಿ ಶುಲ್ಕ" 2,150 ರೂಪಾಯಿ ಕಳಿಸಿ ಅಂದರು, ಕಳಿಸಿದರು. ಆಮೇಲೆ "ತೆರಿಗೆ" ಅಂದರು, ಅದನ್ನೂ ಕಳಿಸಿದರು. ಆಮೇಲೆ ಫೋನೇ ಇಲ್ಲ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ತಾನು ಇಂಥ ವ್ಯವಹಾರ ಮಾಡೋದಿಲ್ಲ, ಯಾವ ಶುಲ್ಕವನ್ನೂ ಕೇಳೋದಿಲ್ಲ ಅಂತ.

ಬೆಳ್ಳಿ ವಿಚಾರ. ನಮ್ಮಲ್ಲಿ ದಿನನಿತ್ಯದ ರೂಪಾಯಿಯಿಂದ ಬೆಳ್ಳಿ ಹೋಗಿದ್ದು ಬ್ರಿಟಿಷರ ಕಾಲದಲ್ಲೇ. 1940ರಲ್ಲಿ ಅರ್ಧಕ್ಕಿಳಿಸಿದರು, 1947ರ ಹೊತ್ತಿಗೆ ರೂಪಾಯಿ ನಿಕ್ಕಲ್ ಆಗಿತ್ತು. ಗಾಂಧೀಜಿ ಶತಮಾನೋತ್ಸವಕ್ಕೆ 1969ರಲ್ಲಿ 80% ಬೆಳ್ಳಿಯ 10 ರೂಪಾಯಿ ನಾಣ್ಯ ಬಂತು, ಅದು ಜನರ ಬೀರು ಸೇರಿತು. ಹಾಗಾಗಿ ಬ್ಯಾಂಕಿನ ಪ್ಲಾಸ್ಟಿಕ್ ಪೊಟ್ಟಣದಲ್ಲಿ, ನೂರು ನೂರು ಇರುತ್ತಲ್ಲ, ಅದರಲ್ಲಿ ಬೆಳ್ಳಿ ಹುಡುಕೋದು ದಂಡ.

ನಮ್ಮಲ್ಲಿ ನಿಜವಾದ ಹುಡುಕಾಟ ಬೇರೆ ಕಡೆ ಇದೆ. ದೇವಸ್ಥಾನದ ಹುಂಡಿ ಎಣಿಕೆ. ಬ್ಯಾಂಕಿನವರನ್ನು ಕರೆಸ್ತಾರೆ. ದೊಡ್ಡ ಜಮಖಾನೆ ಹಾಸಿ ಹುಂಡಿ ಸುರಿಯುತ್ತಾರೆ, ಸುತ್ತ ನಾವೆಲ್ಲ ನೆಲದ ಮೇಲೆ. ಕುಂಕುಮ ಅಂಟಿದ ನಾಣ್ಯ, ಎಣ್ಣೆ ಮೆತ್ತಿದ ನಾಣ್ಯ, ಬಾಡಿದ ತುಳಸಿ, ಮದುವೆ ಆಗಲಿ ಅಂತ ಬರೆದ ಚೀಟಿ. ಮಧ್ಯಾಹ್ನದ ಹೊತ್ತಿಗೆ ಬೆರಳ ತುದಿ ಇದ್ದಿಲಿನ ಹಾಗೆ ಕಪ್ಪು. ಎಷ್ಟು ತೊಳೆದರೂ ಆ ಲೋಹದ ವಾಸನೆ ಊಟದ ಅನ್ನದಲ್ಲಿ ಬರುತ್ತೆ. ಅದರೊಳಗೆ ನಾನು ನೋಡಿದ್ದು ಒಂದೆರಡಲ್ಲ. ಅಂಚು ಅಲೆಅಲೆಯಾಗಿರುವ ಅಲ್ಯುಮಿನಿಯಂ 10 ಪೈಸೆ, ಮೂಲೆಗಳಿರುವ 3 ಪೈಸೆ, ಕಮಲದ ಹಿತ್ತಾಳೆ 20 ಪೈಸೆ, ದುಬೈ ದಿರ್ಹಂ, ನಿಮ್ಮ ಅಮೆರಿಕದ ಕ್ವಾರ್ಟರ್. ಎರಡು ಸಲ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ. ಯಾವ ಅಜ್ಜಿಯ ಹರಕೆಯೋ.

ಹುಬ್ಳಿ_ಹೈದ
ಅಕ್ಕಾ, ಅದನ್ನು ನಮ್ಮ ಜೇಬಿನ ಒಂದು ರೂಪಾಯಿ ಹಾಕಿ ಬದಲಾಯಿಸಿಕೊಂಡರೆ ನಡೆಯುತ್ತಾ?

ಮಾಜಿ_ಕ್ಯಾಷಿಯರ್
ನಡೆಯಲ್ಲ. ಅದು ದೇವರ ದುಡ್ಡು. ಕ್ಯಾಮೆರಾ ಬೇರೆ ಇರುತ್ತೆ. ಬೆಳ್ಳಿ ಬಂಗಾರ ಸಿಕ್ಕಿದ್ದನ್ನು ಬೇರೆ ಪಟ್ಟಿ ಮಾಡಿ ಬರೆದಿಡ್ತಾರೆ.

ಹಾಗೇ ಎಡಿಸನ್ ತಮ್ಮನಿಗೂ ಒಂದು ಮಾತು. ಆ ಕೌಂಟರಿನ ಹೆಂಗಸಿನ ಮೇಲೆ ಬೇಜಾರು ಬೇಡ. ಸಂಜೆ ಕ್ಯಾಷ್ ಮುಚ್ಚುವಾಗ ಒಂದು ರೂಪಾಯಿ ತಾಳೆಯಾಗದಿದ್ದರೂ ನಾವು ಮನೆಗೆ ಹೋಗುವ ಹಾಗಿರಲಿಲ್ಲ. ಒಮ್ಮೆ ಹೋಟೆಲಿನವರೊಬ್ಬರು ನಾಲ್ಕು ಗಂಟೆಗೆ ಐದು ನಿಮಿಷ ಇದೆ ಅನ್ನುವಾಗ ಒಂದು ಬಕೆಟ್ ಚಿಲ್ಲರೆ ತಂದಿಟ್ಟರು. ಬಕೆಟ್! ಅವತ್ತು ನನ್ನ ಮಗನ ಹುಟ್ಟುಹಬ್ಬ. ಎಂಟೂವರೆಗೆ ಮನೆ ಸೇರಿದೆ, ಕೇಕ್ ಮುಗಿದಿತ್ತು. ನೀನು ತಂದದ್ದು ಬಿಡಿ ನಾಣ್ಯದ ಚೀಲ. ಅದಕ್ಕೇ ಅವರಿಗೆ ಸಿಟ್ಟು ಬಂದಿದೆ. ರೋಲ್ ಮಾಡಿ ತಂದಿದ್ದರೆ ಏನೂ ಅಂತಿರಲಿಲ್ಲ.

ಎಡಿಸನ್_ವಾಸಿ
ಅಕ್ಕಾ, ಈ ಕೋನದಿಂದ ನಾನು ಯೋಚನೆಯೇ ಮಾಡಿರಲಿಲ್ಲ. ನಾಳೆ ಹೋಗಿ ಸಾರಿ ಕೇಳ್ತೀನಿ.

ಡಲ್ಲಾಸ್_ದೊಡ್ಡಪ್ಪ
ಬರೀ ಸಾರಿ ಸಾಲದು, ಕೆಲಸ ಹಗುರ ಮಾಡು. ಖಾಲಿ ಪೇಪರ್ ರೋಲ್ ಬ್ಯಾಂಕಿನವರೇ ಕೊಡ್ತಾರೆ. ಇಪ್ಪತ್ತಿಪ್ಪತ್ತು ತುಂಬಿ ತುದಿ ಮಡಚಿ ಕೊಡು.

ಮೈಸೂರ್_ಮಲ್ಲಿಗೆ_ಗಿಡ
ಬೆಳ್ಳಿ ರೂಪಾಯಿ ಅಂದ ಕೂಡಲೇ ಹೊಟ್ಟೆ ಉರಿಯಿತು. ನಮ್ಮ ಅಜ್ಜಿಯ ಹತ್ತಿರ ವಿಕ್ಟೋರಿಯಾ ರೂಪಾಯಿ ಏಳಿದ್ದವು. ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಮುಂದೆ ಇಡೋದು. ಒಳ್ಳೆ ನೀಲಿ ಬೂದು ಬಣ್ಣ ಕೂತಿತ್ತು. ನಾನು ಪಿಯುಸಿಯಲ್ಲಿದ್ದೆ. ಹಬ್ಬದ ಹಿಂದಿನ ದಿನ ಸಹಾಯ ಮಾಡ್ತೀನಿ ಅಂತ ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಲ್ಲಿ ಏಳನ್ನೂ ತಿಕ್ಕಿಬಿಟ್ಟೆ. ಫಳಫಳ. ಅಜ್ಜಿಗೆ ಖುಷಿಯೋ ಖುಷಿ. ವರ್ಷಗಳ ಮೇಲೆ ನಾಣ್ಯದವರಿಗೆ ತೋರಿಸಿದರೆ, ರಾಣಿಯ ಕೆನ್ನೆಯ ಮೇಲಿನ ಗೀರು ನೋಡಿ "ಬೆಳ್ಳಿ ರೇಟಿಗೆ ತಗೋತೀನಿ, ಅಷ್ಟೇ" ಅಂದರು.

ಡಲ್ಲಾಸ್_ದೊಡ್ಡಪ್ಪ
ಎಲ್ಲರೂ ಕೇಳಿಸಿಕೊಳ್ಳಿ. ಹಳೇ ನಾಣ್ಯ ತಿಕ್ಕಬೇಡಿ. ಕೊಳೆ ಇದ್ದರೆ ಇರಲಿ.

ಲೆಕ್ಕದ_ಪುಸ್ತಕ
ಆ ಬೆಳ್ಳಿ ರೇಟೂ ಕಮ್ಮಿಯಲ್ಲ ಮೇಡಂ. ರಾಣಿ ರೂಪಾಯಿ 11.66 ಗ್ರಾಂ, ಸರಿಯಾಗಿ ಒಂದು ತೊಲ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಅಕ್ಕಸಾಲಿಗರು ತಕ್ಕಡಿಯಲ್ಲಿ ತೂಕದ ಬಟ್ಟಾಗಿ ರೂಪಾಯಿಯನ್ನೇ ಇಡ್ತಿದ್ದರು. ಮಾರಿಲ್ಲ ತಾನೆ?

ಮೈಸೂರ್_ಮಲ್ಲಿಗೆ_ಗಿಡ
ಮಾರ್ತೀನಾ? ಈಗಲೂ ಹಬ್ಬಕ್ಕೆ ಇಡ್ತೀನಿ. ತಿಕ್ಕೋದಿಲ್ಲ ಅಷ್ಟೇ.

ಸ್ಯಾಕ್ರಮೆಂಟೊ_ಸೊಸೆ
ಪೆನ್ನಿ ಹುಡುಕುವವರು ಯಾರೂ ಇಲ್ವಾ? 2025ರ ನವೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಚಲಾವಣೆಯ ಪೆನ್ನಿ ಹೊಡೆಯೋದನ್ನೇ ನಿಲ್ಲಿಸಿದರು. ಒಂದು ಸೆಂಟ್ ಹೊಡೆಯೋಕೆ ಮೂರೂವರೆ ಸೆಂಟಿಗಿಂತ ಜಾಸ್ತಿ ಖರ್ಚು. ಅದಾದ ಮೇಲೆ ನಮ್ಮ ಶಾಖೆಯಲ್ಲಿ ಪೆನ್ನಿ ಡಬ್ಬಿ ಕೇಳಿದರೆ ಇಲ್ಲ ಅಂತಾರೆ.

ಸುಮ್ನೆ_ಬಂದೆ
1982ಕ್ಕಿಂತ ಹಿಂದಿನ ಪೆನ್ನಿ 95% ತಾಮ್ರ. ಕರಗಿಸಿ ಮಾರಿದರೆ?

ಡಲ್ಲಾಸ್_ದೊಡ್ಡಪ್ಪ
ಕರಗಿಸಿದರೆ ಜೈಲು. ಪೆನ್ನಿ, ನಿಕ್ಕಲ್ ಕರಗಿಸೋಕೆ 2006ರ ಕೊನೆಯಿಂದ ನಿಷೇಧ ಇದೆ. ಬೆಳ್ಳಿ ನಾಣ್ಯಕ್ಕೆ ಆ ನಿಷೇಧ ಇಲ್ಲ. ಆದರೂ ಯಾಕೆ ಕರಗಿಸ್ತೀಯ, ಹಾಗೇ ಕೊಂಡುಕೊಳ್ಳುವವರಿದ್ದಾರೆ.

ಮಾಜಿ_ಕ್ಯಾಷಿಯರ್
ನಮ್ಮಲ್ಲೂ ಹಳೇ ದಪ್ಪ 5 ರೂಪಾಯಿ ಹಾಗೇ ಮಾಯವಾಗಿದ್ದು. 9 ಗ್ರಾಂ ತಾಮ್ರ ನಿಕ್ಕಲ್. ಗಡಿ ದಾಟಿಸಿ ಬಾಂಗ್ಲಾದೇಶದಲ್ಲಿ ಶೇವಿಂಗ್ ಬ್ಲೇಡ್ ಮಾಡ್ತಿದ್ದರು ಅಂತ ಪತ್ರಿಕೆಗಳಲ್ಲೇ ಬಂದಿತ್ತು.

ಹುಬ್ಳಿ_ಹೈದ
ಅದಕ್ಕೇ ನಮ್ಮ ಅಂಗಡಿಯವರು ಚಿಲ್ಲರೆ ಬದಲು ಚಾಕಲೇಟ್ ಕೊಡೋದಾ? ಇನ್ನು ಆ 10 ರೂಪಾಯಿ ನಾಣ್ಯವನ್ನಂತೂ ಕೆಲವರು ಮುಟ್ಟೋದೇ ಇಲ್ಲ. ರಿಸರ್ವ್ ಬ್ಯಾಂಕ್ ಎಷ್ಟು ಸಲ ಚಲಾವಣೆಯಲ್ಲಿದೆ ಅಂತ ಹೇಳಿದರೂ ಅಷ್ಟೇ.

ಸುಮ್ನೆ_ಬಂದೆ
ವಿಷಯಕ್ಕೆ ಬನ್ನಿ ಮಾರಾಯ್ರೆ. ಇನ್ನು ಸ್ವಲ್ಪ ಹೊತ್ತಿಗೆ ಟೊಮೆಟೊ ರೇಟಿಗೆ ಹೋಗುತ್ತೆ ಇದು.

ಎಡಿಸನ್_ವಾಸಿ
ನಾನೇ ಬರ್ತೀನಿ ವಿಷಯಕ್ಕೆ. ಬೆಳಿಗ್ಗೆ ಬ್ಯಾಂಕಿಗೆ ಹೋದೆ. ಉಳಿದ ಹಾಫ್‌ಗಳನ್ನು ರೋಲ್ ಮಾಡಿ ತಗೊಂಡು ಹೋಗಿದ್ದೆ. ಸಾರಿ ಕೇಳಿದೆ. ಅವರು ನಕ್ಕರು. ಡಬ್ಬಿ ತರಿಸೋದು ಈಗಲೂ ಆಗಲ್ಲವಂತೆ, ಮ್ಯಾನೇಜರ್ ಹೇಳಿದ್ದಂತೆ. ಆದರೆ ಗ್ರಾಹಕರು ಕೈಯಲ್ಲಿ ಸುತ್ತಿ ತಂದ ಕ್ವಾರ್ಟರ್ ರೋಲ್ 14 ಇತ್ತು, "ಬೇಕಾ?" ಅಂತ ಅವರೇ ಕೇಳಿದರು!

ಡಲ್ಲಾಸ್_ದೊಡ್ಡಪ್ಪ
ಕೈಯಲ್ಲಿ ಸುತ್ತಿದ್ದಾ! ಯಂತ್ರದ ರೋಲಿಗಿಂತ ಅದೇ ಒಳ್ಳೇದು. ಯಾರದೋ ಅಜ್ಜನ ಡಬ್ಬಿಯಿಂದ ನೇರ ಬಂದಿರುತ್ತೆ. 2019, 2020ರದ್ದು ಸಿಕ್ಕರೆ ಅದರ ಮೇಲಿರುವ ವಾಷಿಂಗ್ಟನ್ ಚಿತ್ರದ ಜಡೆಯ ಹತ್ತಿರ ಡಬ್ಲ್ಯು ಅಕ್ಷರ ಇದೆಯಾ ನೋಡು. ವೆಸ್ಟ್ ಪಾಯಿಂಟ್ ಟಂಕಸಾಲೆಯದು. ಹತ್ತು ವಿನ್ಯಾಸ, ಒಂದೊಂದು 20 ಲಕ್ಷ ಮಾತ್ರ ಹೊಡೆದು ಬೇಕಂತಲೇ ಚಿಲ್ಲರೆಯಲ್ಲಿ ಬೆರೆಸಿದ್ದರು. ಬೇಗ ಒಡಿ, ಕಾಯ್ತಾ ಇದ್ದೀನಿ.

ಎಡಿಸನ್_ವಾಸಿ
ಒಡೆದೆ. ಭಾನುವಾರ ಅಂತ ಮಗಳೂ ಕೂತಿದ್ದಳು. 13 ರೋಲ್ ಮುಗಿಯಿತು. ಬೆಳ್ಳಿ ಇಲ್ಲ, ಡಬ್ಲ್ಯು ಇಲ್ಲ. ಹದಿನಾಲ್ಕನೆಯದರ ಅಂಚು ನೋಡಿದರೆ ಸಾಲಿನ ನಡುವೆ ಒಂದಕ್ಕೆ ಕೆಂಪು ಗೆರೆ ಇಲ್ಲ. ಪೂರ್ತಿ ಬಿಳಿ! ಎದೆ ಡವಡವ. ಮಗಳು ಎಳೆದು ತೆಗೆದಳು, ತಿರುಗಿಸಿದಳು, "ಅಪ್ಪಾ, ಇದರಲ್ಲಿ ಸಿಂಹ ಇದೆ" ಅಂದಳು.

ಒಂದು ರೂಪಾಯಿ.

ಸುಮ್ನೆ_ಬಂದೆ
😂😂😂

ಸ್ಯಾಕ್ರಮೆಂಟೊ_ಸೊಸೆ
ನಮ್ಮವರೇ ಯಾರೋ ಸುತ್ತಿದ ರೋಲ್ ಅದು. ಒಂದು ಕ್ವಾರ್ಟರ್ ಉಳಿಸಿದ್ದಾರೆ.

ಮಾಜಿ_ಕ್ಯಾಷಿಯರ್
ಯಾವ ವರ್ಷದ್ದು? ಹಿಂದೆ ತೆನೆ ಇದೆಯಾ? ವರ್ಷದ ಕೆಳಗೆ ಏನು ಗುರುತಿದೆ? ವಜ್ರದಾಕಾರ ಇದ್ದರೆ ಮುಂಬೈ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕಿ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ.

ಎಡಿಸನ್_ವಾಸಿ
1995. ತೆನೆ ಇದೆ. ಭೂತಗನ್ನಡಿಯಲ್ಲಿ ನೋಡಿದೆವು, ನಕ್ಷತ್ರ.

ಮಾಜಿ_ಕ್ಯಾಷಿಯರ್
ಹೈದರಾಬಾದಿನದು. ಆ ವರ್ಷಗಳಲ್ಲಿ ಇಂಥವನ್ನು ಎಷ್ಟು ಎಣಿಸಿದ್ದೀನೋ. ಸ್ಟೀಲಿನದು, ಮ್ಯಾಗ್ನೆಟ್‌ಗೆ ಅಂಟುತ್ತೆ ನೋಡಿ.

ಎಡಿಸನ್_ವಾಸಿ
ಅಂಟಿತು. ಮಗಳು ಅದನ್ನು ಫ್ರಿಜ್ ಮ್ಯಾಗ್ನೆಟ್‌ಗೆ ಕಚ್ಚಿಸಿ ಶಾಲೆಯ ಊಟದ ಪಟ್ಟಿಯ ಪಕ್ಕ ಇಟ್ಟಿದ್ದಾಳೆ. ವಾಪಸ್ ಕೊಡುವ ಹಾಗಿಲ್ಲವಂತೆ. ಮುಂದಿನ ಶನಿವಾರ ಯಾವ ಬ್ಯಾಂಕಿಗೆ ಹೋಗೋದು ಅಂತ ಈಗಲೇ ಕೇಳ್ತಾ ಇದ್ದಾಳೆ.

ಲೆಕ್ಕದ_ಪುಸ್ತಕ
ಹಾಗಾದರೆ ಆ ರೋಲಿನಲ್ಲಿ ಕ್ವಾರ್ಟರ್ ಇದ್ದದ್ದು 39. ನಿಮ್ಮ 97ರಲ್ಲಿ 25 ಸೆಂಟ್ ಕಳೆಯಿರಿ.